ಹೇರೋಹಳ್ಳಿ ಕ್ರಾಸಿನವರೆಗಿನ ಓದು

ಆ ಭಾನುವಾರ ಸವಿತಾ ಬೆಳಿಗ್ಗೆ ಐದೂವರೆಗೇ ಎದ್ದು ಮನೆಯಲ್ಲಿದ್ದ ಬೆಡ್‌ಶೀಟುಗಳನ್ನೆಲ್ಲ ನೆನೆಹಾಕಿದ್ದಳು. ಎಂ.ಎ. ಎರಡನೇ ಸೆಮಿಸ್ಟರಿನ ಕೊನೆಯ ಪರೀಕ್ಷೆ ಮುಗಿದು ಮೂರು ದಿನವಾಗಿತ್ತು. ಮೋಡ ಮುಚ್ಚಿಕೊಂಡು ತುಂತುರು ಶುರುವಾಗುವ ಹಾಗಿತ್ತು.

"ಇವತ್ತೇ ಒಗೀಬೇಕಾ? ಒಣಗಲ್ಲ ಕಣೇ," ಅಂದೆ.

"ಕೈ ಸುಮ್ನೆ ಇದ್ರೆ ಏನೋ ಓದೋದು ಬಾಕಿ ಇದೆ ಅನ್ಸತ್ತೆ ರೀ. ಒಣಗದಿದ್ರೆ ಇನ್ನೊಂದ್ಸಲ ಒಗೀತೀನಿ ಬಿಡಿ."

ಬೆಡ್‌ಶೀಟುಗಳನ್ನು ಟೆರೇಸಿನ ತಂತಿಗೆ ಹಾಕಿ, ತಿಂಡಿಗೆ ಅವಲಕ್ಕಿ ಮಾಡಿ, ಹತ್ತು ಗಂಟೆಗೆ ವಿಜಯನಗರಕ್ಕೆ ಹೊರಟೆವು. ಅವಳಿಗೆ ಚಪ್ಪಲಿ ಬೇಕಿತ್ತು. ಮಾರ್ಕೆಟ್ಟಿನಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದಳು. ಒಂದರಲ್ಲೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುವಾಗಲೂ ಒಂದು ಕಾಲನ್ನು ಕುಣಿಸುತ್ತಲೇ ಇದ್ದಳು. ಬೆಳಿಗ್ಗೆಯ ಆ ಮಾತು ಬಿಟ್ಟರೆ ಆ ದಿನ ಓದಿನ ಬಗ್ಗೆ ನಾವಿಬ್ಬರೂ ಏನೂ ಆಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮೈ ಕೈ ನೋಯುತ್ತಿದೆ ಅಂದಳು. ಜಾಸ್ತಿ ನಡೆದದ್ದಕ್ಕಿರಬೇಕು ಅಂದೆ. ಸಂಜೆ ಬೆಡ್‌ಶೀಟುಗಳು ಒಣಗಿರಲಿಲ್ಲ.

ಮಾರನೆಯ ದಿನ ಜ್ವರ ಬಂತು. ಡೆಂಗಿ ಅಂದರು. ಒಂಬತ್ತನೇ ದಿನ ಅವಳು ಹೋದಳು. ಆ ಒಂಬತ್ತು ದಿನಗಳ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೂ ಹಿಂದಿನ ಒಂದು ವರ್ಷದ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ.

ಕೂತೆ ಅನ್ನುವುದು ಪೂರ್ತಿ ನಿಜವಲ್ಲ. ಎರಡು ಸಾಲು ಬರೆದು ಎದ್ದು ಹೋಗುತ್ತೇನೆ, ನಲ್ಲಿ ನೋಡುತ್ತೇನೆ, ಬಾಗಿಲು ನೋಡುತ್ತೇನೆ, ಮತ್ತೆ ಬಂದು ಬರೆಯುತ್ತೇನೆ. ಇದೆಲ್ಲ ಶುರುವಾದದ್ದು ಕಳೆದ ತಿಂಗಳು ನಾಗರಬಾವಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಯಾವುದೋ ಕಚೇರಿಗೆ ಕೊಡಲು ಆಧಾರ್ ಕಾರ್ಡಿನ ಪ್ರತಿ ಬೇಕಿತ್ತು. ಅಂಗಡಿಯವನು ಹಾಳೆಯನ್ನು ಮೆಷಿನಿನಿಂದ ಎಳೆದು ಕೈಗೆ ಕೊಟ್ಟ. ಬಿಸಿಯಾಗಿತ್ತು. ಆ ಬಿಸಿ ಕಾಗದದ, ಸುಟ್ಟ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಚಿಲ್ಲರೆಯನ್ನೂ ಕಾರ್ಡನ್ನೂ ಅಲ್ಲೇ ಬಿಟ್ಟು ರಸ್ತೆಗೆ ಇಳಿದಿದ್ದೆ. "ಸಾರ್, ಕಾರ್ಡು, ಕಾರ್ಡು!" ಅಂತ ಅವನು ಕೂಗಿಕೊಂಡು ಬಂದ.

ಎರಡು ಸಾವಿರದ ಆರರಲ್ಲಿ ನಮ್ಮ ಮನೆ ತುಂಬ ಅದೇ ವಾಸನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಆಮೇಲೆ ಐ.ಟಿ.ಐ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದೆ. ಸವಿತಾ ಕುಣಿಗಲ್ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವಳು. ಮದುವೆಯಾಗಿ ಹೇರೋಹಳ್ಳಿಯ ಬಾಡಿಗೆ ಮನೆಗೆ ಬಂದ ಮೇಲೆ ಹತ್ತಿರದ ಶಾಲೆಯೊಂದರಲ್ಲಿ ಎರಡು ವರ್ಷ ಸಣ್ಣ ಮಕ್ಕಳಿಗೆ ಪಾಠ ಹೇಳಿದಳು. ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವುದು ಅವಳ ಆಸೆ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಕ್ಕೆ ಸೀಟು ಸಿಕ್ಕಿತು. ಮೊದಲ ದಿನವೇ ಮೇಷ್ಟ್ರು, ಕನ್ನಡ ಮೀಡಿಯಮ್ಮಿನವರು ಹೆದರಬೇಡಿ, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು ಅಂದರಂತೆ. ಆಮೇಲೆ ಓದಬೇಕಾದ ಲೇಖನಗಳ ಪಟ್ಟಿ ಕೊಟ್ಟರು. ಅದರಲ್ಲಿ ಕನ್ನಡದ್ದು ಒಂದೂ ಇರಲಿಲ್ಲ.

ಮೊದಲನೇ ಲೇಖನದ ಜೆರಾಕ್ಸ್ ತಂದ ದಿನ ನಾನು ಶಿಫ್ಟ್ ಮುಗಿಸಿ ಬಂದಾಗ ಅವಳು ನೆಲದ ಮೇಲೆ ಕೂತು ಡಿಕ್ಷನರಿ ತಿರುವುತ್ತಿದ್ದಳು. ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೆ ಪೆನ್ಸಿಲಿನಲ್ಲಿ ಕನ್ನಡದ ಅರ್ಥ. ಎರಡು ಗಂಟೆಯಲ್ಲಿ ಒಂದು ಪುಟ ಆಗಿತ್ತು. ಆ ಪುಟದಲ್ಲಿ ಇಂಗ್ಲಿಷಿಗಿಂತ ಪೆನ್ಸಿಲೇ ಹೆಚ್ಚಾಗಿ ಕಾಣುತ್ತಿತ್ತು.

"ಏನ್ ಹೇಳ್ತಾನೆ?" ಅಂತ ಕೇಳಿದೆ.

"ಒಂದೊಂದು ಮಾತೂ ಗೊತ್ತಾಗಿದೆ ರೀ. ಏನ್ ಹೇಳ್ತಾನೆ ಅನ್ನೋದು ಮಾತ್ರ ಗೊತ್ತಾಗಿಲ್ಲ."

ಅವಳ ಕ್ಲಾಸಿನಲ್ಲಿ ಮಹಾದೇವಿ ಅಂತ ಒಬ್ಬಳಿದ್ದಳು, ಬಾಗಲಕೋಟೆ ಕಡೆಯ ಹುಡುಗಿ, ಹಾಸ್ಟೆಲಿನಲ್ಲಿದ್ದಳು. ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದಳು. "ಡಿಕ್ಷನರಿ ಅನ್ನೋದು ಮೋಸ ನೋಡ್ರಿ ಅಣ್ಣಾರ," ಅನ್ನುತ್ತಿದ್ದಳು. "ಒಂದು ಶಬ್ದ ಕೇಳಿದ್ರ ಆರು ಅರ್ಥ ಕೊಡತೈತಿ. ಯಾವ್ದು ಬೇಕು ಅಂತ ನಾವ ಹುಡುಕಬೇಕು. ಹಂಗಿದ್ರ ಅದಕ್ಯಾಕ ರೊಕ್ಕ ಕೊಡಬೇಕ್ರಿ?" ಅವರಿಬ್ಬರೂ ಸೇರಿ ಒಂದು ಉಪಾಯ ಮಾಡಿಕೊಂಡರು. ಲೇಖನವನ್ನು ನಡುವೆ ಮಡಚಿ ಅರ್ಧ ಇವಳು, ಅರ್ಧ ಅವಳು ಓದುವುದು. ಆಮೇಲೆ ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಳ್ಳುವುದು. ಇಡೀ ಲೇಖನ ಒಬ್ಬರೇ ಓದಲು ಹೊರಟರೆ ಸೆಮಿಸ್ಟರ್ ಮುಗಿದರೂ ಪಟ್ಟಿ ಮುಗಿಯುತ್ತಿರಲಿಲ್ಲ.

ಆದರೆ ಮಹಾದೇವಿಗೆ ಹೇಳುವ ಮೊದಲು ನನಗೆ ಹೇಳಬೇಕಿತ್ತು. ಆಗ ನಮ್ಮ ಕಡೆ ರಸ್ತೆ ಅಂದರೆ ಹೆಸರಿಗೆ ಮಾತ್ರ. ಪೈಪಿಗೆ ಅಗೆದು ಮಣ್ಣು ಮುಚ್ಚಿ, ಮತ್ತೆ ಕೇಬಲ್ಲಿಗೆ ಅಗೆದು ಹಾಗೇ ಬಿಟ್ಟಿದ್ದರು. ಬಸ್ಸು ಒಳಗೆ ಬರುತ್ತಿರಲಿಲ್ಲ. ಮನೆಯಿಂದ ಹೇರೋಹಳ್ಳಿ ಕ್ರಾಸಿಗೆ ಇಪ್ಪತ್ತು ನಿಮಿಷದ ದಾರಿ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ನಾನು ಸೈಕಲ್ಲನ್ನು ತಳ್ಳಿಕೊಂಡು, ಅವಳು ಪಕ್ಕದಲ್ಲಿ. ಕ್ರಾಸಿನಲ್ಲಿ ಅವಳು ಸುಮನಹಳ್ಳಿ ಬಸ್ಸು ಹತ್ತುತ್ತಿದ್ದಳು, ನಾನು ಮಾಗಡಿ ರಸ್ತೆಯಲ್ಲಿ ಸೈಕಲ್ ಏರುತ್ತಿದ್ದೆ. ಹಿಂದಿನ ದಿನ ಓದಿದ್ದನ್ನು ಕ್ರಾಸ್ ಬರುವಷ್ಟರಲ್ಲಿ ಕನ್ನಡದಲ್ಲಿ ಹೇಳಿ ಮುಗಿಸಬೇಕು. ಅದು ಅವಳೇ ಹಾಕಿಕೊಂಡ ನಿಯಮ.

"ನಿಮಗೆ ಅರ್ಥ ಆದ್ರೆ ನನಗೆ ಅರ್ಥ ಆಗಿದೆ ಅಂತ ಲೆಕ್ಕ," ಅನ್ನುತ್ತಿದ್ದಳು.

"ಅಂದ್ರೆ ನಾನು ಅಷ್ಟು ದಡ್ಡ ಅಂತಾನಾ?"

"ದಡ್ಡರಲ್ಲ ರೀ. ನೀವು ಮುಲಾಜಿಲ್ಲದ ಮನುಷ್ಯ."

ಕೂತು ಹೇಳು ಅಂದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಕಾಲು ಓಡುತ್ತಿರಬೇಕು. ಹೇಳುತ್ತಾ ಹೇಳುತ್ತಾ ಎಲ್ಲೋ ಎಳೆ ತಪ್ಪಿದರೆ ಹೆಜ್ಜೆ ಜೋರಾಗುತ್ತಿತ್ತು, ನಾನು ಸೈಕಲ್ಲು ತಳ್ಳಿಕೊಂಡು ಓಡಬೇಕಾಗುತ್ತಿತ್ತು. ಕ್ರಾಸಿನ ಹೂವಿನ ಆಂಟಿ ನಮ್ಮನ್ನು ನೋಡಿ ದಿನಾ ನಗುತ್ತಿದ್ದರು. "ಏನ್ ಮಂಜಣ್ಣ, ಬೆಳಿಗ್ಗೇನೇ ಬೈಸ್ಕೊಂಡು ಬಂದ್ಯಾ?" ಶೆಡ್ಡಿನಲ್ಲಿ ಪಕ್ಕದ ಮೆಷಿನಿನ ರಾಮಣ್ಣನಿಗೂ ವಿಷಯ ಗೊತ್ತಾಗಿತ್ತು. "ಗುರು, ಅವರು ಕೂತು ಎಂ.ಎ. ಮಾಡ್ತಾರೆ, ನೀನು ನಡ್ಕೊಂಡೇ ಮಾಡ್ತೀಯ ಬಿಡು," ಅನ್ನುತ್ತಿದ್ದ.

ಅವಳು ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದಳು. ಮೊದಲನೇ ಸೆಮಿಸ್ಟರನ್ನು ಕನ್ನಡದಲ್ಲಿ ಬರೆದು ಪಾಸಾದಳು, ಆದರೆ ಅದು ಅವಳಿಗೆ ಸಮಾಧಾನ ಕೊಡಲಿಲ್ಲ. ನಾನು ಒಮ್ಮೆ, "ಯಾಕೆ ಸುಮ್ನೆ ತಲೆ ಕೆಡಿಸ್ಕೊಳ್ತೀಯ, ಕನ್ನಡದಲ್ಲೇ ಬರಿ," ಅಂದೆ. ರಸ್ತೆಯಲ್ಲಿ ನಿಂತುಬಿಟ್ಟಳು.

"ನಾಳೆ ನಾನು ಲೆಕ್ಚರರ್ ಆದೆ ಅಂತಿಟ್ಕೊಳ್ಳಿ. ನನ್ನಂಥ ಹುಡುಗೀರು ಬರ್ತಾರೆ. ಆ ಪುಸ್ತಕಗಳಲ್ಲಿ ಏನಿದೆ ಅಂತ ಕೇಳ್ತಾರೆ. ನಾನೂ ಗೈಡ್ ನೋಡಿ ಹೇಳ್ಲಾ? ಓದಿ, ಅದರ ಭಾಷೇಲೇ ಅದಕ್ಕೆ ಎದುರು ಮಾತಾಡೋಕೆ ಒಂದ್ಸಲ ಆದ್ರೂ ಬರ್ಬೇಕು ನನಗೆ. ಆಮೇಲೆ ಬೇಕಾದ್ರೆ ಜೀವನ ಪೂರ್ತಿ ಕನ್ನಡದಲ್ಲೇ ಪಾಠ ಮಾಡ್ತೀನಿ."

ಎರಡನೇ ಸೆಮಿಸ್ಟರಿನ ಫೆಬ್ರವರಿಯಲ್ಲಿ ಅವಳ ಸೆಮಿನಾರು ಬಂತು. ಒಂದು ಲೇಖನ ಓದಿ ಇಡೀ ಕ್ಲಾಸಿನ ಮುಂದೆ ಇಂಗ್ಲಿಷಿನಲ್ಲಿ ಹೇಳಬೇಕು. ಇವಳಿಗೆ ಬಂದದ್ದು ಹಳೇ ಕಾಲದ ಗಿರಣಿಗಳ ಕೆಲಸಗಾರರ ಬಗ್ಗೆ. ಬರೆದವರ ಹೆಸರು ನನಗೆ ನೆನಪಿಲ್ಲ. ಎಂದಿನಂತೆ ಮೊದಲ ಅರ್ಧ ಇವಳಿಗೆ, ಎರಡನೇ ಅರ್ಧ ಮಹಾದೇವಿಗೆ. ಅಷ್ಟರಲ್ಲಿ ಮಹಾದೇವಿಯ ಅಕ್ಕನಿಗೆ ಕುಬಸ. ನಾವು ಸೀಮಂತ ಅನ್ನುತ್ತೇವಲ್ಲ, ಅದು. ಅವಳು ಊರಿಗೆ ಹೋದಳು. ಅವಳ ಅರ್ಧ ಅವಳ ಬ್ಯಾಗಿನಲ್ಲೇ ಹೋಯಿತು. ಸೆಮಿನಾರಿನ ಹಿಂದಿನ ಸಂಜೆ ಬರುತ್ತೇನೆ ಅಂದವಳು ಬರಲಿಲ್ಲ. ಇನ್ನೊಂದು ಜೆರಾಕ್ಸ್ ಮಾಡಿಸಲು ಹೊತ್ತಿರಲಿಲ್ಲ.

ಸವಿತಾ ತನ್ನ ಅರ್ಧವನ್ನು ಪೂರ್ತಿ ಅರೆದು ಕುಡಿದಿದ್ದಳು. ಮೊದಲ ಅರ್ಧದಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದಾನೆ, ಉಳಿದ ಅರ್ಧದಲ್ಲಿ ಇದನ್ನೇ ಮುಂದುವರಿಸಿರುತ್ತಾನೆ ಅಂದುಕೊಂಡಳು. ಆ ಬೆಳಿಗ್ಗೆ ದಾರಿಯಲ್ಲಿ ನನಗೆ ಹೇಳಿದಳು. ಹಳ್ಳಿಯಿಂದ ಗಿರಣಿಗೆ ಬಂದವರಿಗೆ ಶಿಸ್ತು ಇರಲಿಲ್ಲವಂತೆ. ಮೈ ಮಿಲ್ಲಿನಲ್ಲಿ, ಮನಸ್ಸು ಹೊಲದಲ್ಲಂತೆ. ಗಂಟೆಗೆ ಸರಿಯಾಗಿ ಕೆಲಸ ಮಾಡುವುದು ಅವರಿಗೆ ಒಗ್ಗಲಿಲ್ಲವಂತೆ, ಅದಕ್ಕೇ ಹೇಳದೆ ಕೇಳದೆ ರಜಾ ಹಾಕುತ್ತಿದ್ದರಂತೆ.

ನನಗೆ ಎಲ್ಲೋ ಚುಚ್ಚಿತು. ನಮ್ಮ ಶೆಡ್ಡಿನಲ್ಲಿ ಅರ್ಧಕ್ಕರ್ಧ ಜನ ಹಳ್ಳಿಯವರೇ. ಒಂಬತ್ತು ಗಂಟೆಯ ಶಿಫ್ಟಿಗೆ ಎಂಟೂ ಮುಕ್ಕಾಲಿಗೆ ಗೇಟಿನ ಮುಂದೆ ಇರುತ್ತಿದ್ದರು. ಆದರೆ ಅವತ್ತು ನನ್ನ ತಲೆಯಲ್ಲಿ ಬೇರೆ ಇತ್ತು. ಹಿಂದಿನ ದಿನ ನಾನು ಮಾಡಿದ ಒಂದು ಲಾಟ್ ಸಾಮಾನು ಪೂರ್ತಿ ಅಳತೆ ತಪ್ಪಿ ವಾಪಸು ಬಂದಿತ್ತು. ಇವಳು ಮಾತಾಡುತ್ತಿದ್ದಳು, ನಾನು ಮೇಸ್ತ್ರಿಗೆ ಏನು ಹೇಳಲಿ ಅಂತ ಯೋಚಿಸುತ್ತಿದ್ದೆ.

"ರೀ, ಕೇಳ್ತಾ ಇದೀರಾ? ಅರ್ಥ ಆಯ್ತಾ?"

ತಲೆ ಆಡಿಸಿದೆ. ಅವಳು ನೆಮ್ಮದಿಯಿಂದ ಬಸ್ಸು ಹತ್ತಿದಳು.

ಅವತ್ತು ಸಂಜೆ ನಾನು ಬಂದಾಗ ಅವಳು ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ನಡೆಯುತ್ತಿದ್ದಳು. ಹದಿನೈದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದಳಂತೆ. ಎಲ್ಲೂ ತಡವರಿಸಲಿಲ್ಲವಂತೆ. ಮೇಷ್ಟ್ರು ಪೂರ್ತಿ ಕೇಳಿ, "ಉಳಿದರ್ಧ ಓದಿದೀಯೇನಮ್ಮಾ?" ಅಂದರಂತೆ. ಕ್ಲಾಸು ನಕ್ಕಿತಂತೆ. "ನೀನು ಹೇಳಿದ್ದೆಲ್ಲ ಆ ಲೇಖನದಲ್ಲಿದೆ. ಆದ್ರೆ ಅದು ಲೇಖಕರ ಮಾತಲ್ಲ. ಬೇರೆಯವರ ಮಾತು. ಅದು ತಪ್ಪು ಅಂತ ತೋರ್ಸೋಕೇ ಅವರು ಲೇಖನ ಬರೆದಿರೋದು." ಉಳಿದರ್ಧದಲ್ಲಿ ಇದ್ದದ್ದು ಅದು. ಕೆಲಸ ಕೊಟ್ಟವರೇ ಜನರನ್ನು ಕಾಯಂ ಮಾಡದೆ, ಬೇಕೆಂದಾಗ ಕರೆದು ಬೇಡವೆಂದಾಗ ಕಳಿಸುತ್ತಿದ್ದರು, ಆಮೇಲೆ ಇವರಿಗೆ ಶಿಸ್ತಿಲ್ಲ ಅಂದರು ಅಂತ. ಕ್ಲಾಸು ಮುಗಿದ ಮೇಲೆ ಮೇಷ್ಟ್ರು ಕರೆದು ಮೆತ್ತಗೆ ಹೇಳಿದರಂತೆ: "ಪರೀಕ್ಷೆಗೆ ಕನ್ನಡದಲ್ಲೇ ಬರಿ. ಇಂಗ್ಲಿಷಿನ ಹಟ ಬೇಡ."

"ಹನ್ನೊಂದು ಪುಟ ಓದಿದೆ ರೀ. ಹನ್ನೆರಡನೇ ಪುಟದಲ್ಲಿ ಅವನು ಆ ಕಡೆ ತಿರುಗಿದಾನೆ." ಸ್ವಲ್ಪ ಹೊತ್ತು ನಡೆದು ನನ್ನ ಎದುರು ನಿಂತಳು. "ನೀವು ಕಾರ್ಖಾನೇಲಿ ಕೆಲಸ ಮಾಡೋರು. ಬೆಳಿಗ್ಗೆ ಕೇಳ್ದಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು."

"ಮತ್ತೆ ಯಾಕೆ ತಲೆ ಆಡಿಸಿದ್ರಿ?"

"ಪುಸ್ತಕದಲ್ಲಿ ಬರ್ದಿದಾರಲ್ಲ, ಸರಿ ಇರತ್ತೆ ಅನ್ಕೊಂಡೆ."

"ನಾನೂ ಹಾಗೇ ಅನ್ಕೊಂಡೆ," ಅಂದಳು. ಲಾಟಿನ ವಿಷಯ ನಾನು ಹೇಳಲಿಲ್ಲ. ಹೇಳಬೇಕಿತ್ತು. ಅವಳು ಒಂದೊಂದು ಪದಕ್ಕೂ ಒದ್ದಾಡುತ್ತಿದ್ದಾಗ ನನ್ನಿಂದ ಬೇಕಾಗಿದ್ದದ್ದು ಒಂದೇ, ಕಿವಿ ಕೊಡುವುದು. ಅದನ್ನೂ ಅವತ್ತು ಕೊಡಲಿಲ್ಲ.

ಆಮೇಲೆ ಒಂದು ವಾರ ದಾರಿಯಲ್ಲಿ ಮಾತಿಲ್ಲ. ಅವಳು ಹತ್ತು ಹೆಜ್ಜೆ ಮುಂದೆ. ಮಹಾದೇವಿ ಊರಿಂದ ಬಂದು ಬಾಗಿಲಲ್ಲೇ ಅತ್ತಳು. "ನನ್ನ ಅರ್ಧ ನನ್ನ ಕೂಡ ಕುಬಸದ ಊಟ ಮಾಡಿ ಬಂತು ನೋಡವಾ," ಅಂದಳು. ಸವಿತಾ ನಗಲಿಲ್ಲ. ಜೆರಾಕ್ಸುಗಳನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಶಾಲೆಯ ಕೆಲಸ ಇನ್ನೂ ಖಾಲಿ ಇದೆಯಂತೆ, ಹೋಗಿ ಕೇಳಲಾ ಅಂತ ನನ್ನನ್ನು ಕೇಳಿದಳು.

ನನಗೆ ಅವಳ ಓದಿನ ಬಗ್ಗೆ ಹೇಳಿಕೊಡಲು ಏನು ಗೊತ್ತಿತ್ತು? ಗೊತ್ತಿದ್ದದ್ದು ಒಂದೇ ಕೆಲಸ. ಶನಿವಾರ ಶೆಡ್ಡಿನಿಂದ, ಸಾಮಾನಿನ ಆಕಾರ ಅಳತೆ ಬರೆದ ಒಂದು ಹಳೇ ಡ್ರಾಯಿಂಗ್ ತಂದು ನೆಲದ ಮೇಲೆ ಹಾಸಿದೆ. ಎಣ್ಣೆ ಕಲೆಯಾಗಿ ಮೂಲೆ ಹರಿದಿತ್ತು.

"ಇದೂ ಇಂಗ್ಲಿಷೇ," ಅಂದೆ. "ನಾನು ದಿನಾ ಓದ್ತೀನಿ. ಹೇಗೆ ಹೇಳು?"

ಅವಳಿಗೆ ಮನಸ್ಸಿರಲಿಲ್ಲ, ಆದರೂ ಬಂದು ಕೂತಳು.

"ಮೇಲಿಂದ ಕೆಳಕ್ಕೆ ಓದಲ್ಲ. ಮೊದಲು ಇಲ್ಲಿ, ಬಲಗಡೆ ಕೆಳಗಿನ ಮೂಲೆ. ಕೊನೆಗೆ ಏನಾಗ್ಬೇಕು ಅಂತ ಇಲ್ಲಿ ಬರ್ದಿರ್ತಾರೆ. ಅದು ಗೊತ್ತಾದ್ಮೇಲೆ ಉಳಿದಿದ್ದು. ಎಲ್ಲಾ ಅಳತೇನೂ ಒಂದೇ ಸಲ ತಲೆಗೆ ತುಂಬ್ಕೊಳಲ್ಲ. ಇಲ್ನೋಡು, ಈ ತುಂಡು ತುಂಡು ಗೆರೆ. ಇದು ನಾವು ಮಾಡೋ ಸಾಮಾನಲ್ಲ. ಇದರ ಪಕ್ಕದಲ್ಲಿ ಕೂರೋ ಇನ್ನೊಂದು ಸಾಮಾನು. ನಮ್ದು ಎಲ್ಲಿ ಕೂರತ್ತೆ ಅಂತ ಗೊತ್ತಾಗ್ಲಿ ಅಂತ ಅದನ್ನೂ ಬರ್ದಿರ್ತಾರೆ. ಹೊಸಬರು ಬಂದ್ರೆ ಅದನ್ನೂ ನಮ್ದೇ ಅನ್ಕೊಂಡು ಲಾಟ್ ಕೆಡಿಸಿಬಿಡ್ತಾರೆ."

ಅವಳು ಆ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳು ಓಡಿಸಿದಳು. ಆಮೇಲೆ ನಗಲು ಶುರುಮಾಡಿದಳು. ವಾರದಿಂದ ಕೇಳದ ನಗು.

"ಅಂದ್ರೆ ನಾನು ಕ್ಲಾಸಲ್ಲಿ ನಿಂತ್ಕೊಂಡು ಹದಿನೈದು ನಿಮಿಷ ಪಕ್ಕದ ಸಾಮಾನು ಮಾಡಿ ತೋರಿಸ್ದೆ!"

"ಅದನ್ನ ಚೆನ್ನಾಗೇ ಮಾಡಿದೀಯ."

"ಹೋಗ್ರೀ."

ಅಟ್ಟದಿಂದ ಚೀಲ ಇಳಿಯಿತು. ಅಲ್ಲಿಂದ ಮುಂದೆ ಅವಳು ಮೊದಲು ಕೊನೆಯ ಪುಟ ಓದಿ, ಆಮೇಲೆ ಮೊದಲ ಪುಟ ಓದುತ್ತಿದ್ದಳು. ಆಮೇಲೆ ನಡುವಿನದು. ಪದದ ತಲೆಯ ಮೇಲೆಲ್ಲ ಅರ್ಥ ಬರೆಯುವುದು ಕಡಿಮೆಯಾಯಿತು. ಅದರ ಬದಲು ಪ್ರತಿ ಪ್ಯಾರಾದ ಪಕ್ಕದಲ್ಲಿ ಒಂದಕ್ಷರ. ಲೇಖಕ ತಾನೇ ಹೇಳುವ ಮಾತಾದರೆ 'ತಾ', ಬೇರೆಯವರದಾದರೆ 'ಬೇ'. ಮಹಾದೇವಿಗೂ ಕಲಿಸಿದಳು. ಲೇಖನವನ್ನು ನಡುವೆ ಮಡಚುವುದು ನಿಂತಿತು. ಇಬ್ಬರೂ ಪೂರ್ತಿ ಓದಿ, 'ತಾ' 'ಬೇ' ಹೊಂದದ ಕಡೆ ಜಗಳ ಆಡುತ್ತಿದ್ದರು. "ಇದು ಬೇ ಅಲ್ಲವಾ ಮಾರಾಯ್ತಿ, ತಾ ಐತಿ ತಾ!" ಅಂತ ಮಹಾದೇವಿ ಕೂಗುವುದು ಕೆಳಗಿನ ಮನೆಗೆ ಕೇಳಿ, ಏನಾಯಿತು ಅಂತ ಮಾಲೀಕರ ಹೆಂಡತಿ ಒಮ್ಮೆ ಮೇಲೆ ಬಂದಿದ್ದರು.

ದಾರಿಯ ನಿಯಮವೂ ಬದಲಾಯಿತು. ನಾನು ತಲೆ ಆಡಿಸುವ ಹಾಗಿಲ್ಲ. ಕ್ರಾಸ್ ಬರುವುದರೊಳಗೆ ಒಂದು ಪ್ರಶ್ನೆ ಕೇಳಲೇಬೇಕು. ಮೊದಮೊದಲು ಏನೋ ಒಂದು ಕೇಳುತ್ತಿದ್ದೆ. ಬರಬರುತ್ತಾ ಹಿಂದಿನ ದಿನದ ಪ್ರಶ್ನೆ ಲೇತಿನ ಮುಂದೆಯೂ ತಲೆಯಲ್ಲಿ ಓಡುತ್ತಿತ್ತು. ಆ ಗಿರಣಿ ಲೇಖನವನ್ನು ಅವಳು ಪೂರ್ತಿ ಓದಿ ಮತ್ತೆ ಹೇಳಿದಾಗ ನಾನು ಕೇಳಿದ್ದು ನೆನಪಿದೆ.

"ಕಾಯಂ ಮಾಡ್ಲಿಲ್ಲ, ಅದಕ್ಕೇ ಬಿಟ್ಟು ಹೋಗ್ತಿದ್ರು ಅಂತಾನಲ್ಲ. ನಮ್ ರಾಮಣ್ಣ ಕಾಯಂ ಇದಾನೆ. ಆದ್ರೂ ರಾಗಿ ಕೊಯ್ಲಿಗೆ ಹದಿನೈದು ದಿನ ಹೋಗೇ ಹೋಗ್ತಾನೆ. ಶಿಸ್ತಿಲ್ಲ ಅಂತೀಯಾ? ಅವನಿಗಿಂತ ಚೆನ್ನಾಗಿ ಕೆಲಸ ಮಾಡೋರು ಶೆಡ್ಡಲ್ಲಿ ಯಾರೂ ಇಲ್ಲ. ಹೋಗ್ಬೇಕು ಅನ್ಸತ್ತೆ, ಹೋಗ್ತಾನೆ. ಅದಕ್ಕೆ ನಿನ್ನ ಲೇಖಕ ಏನಂತಾನೆ?"

ಅವಳು ನಿಂತಳು. ಎದುರಿಂದ ನೀರಿನ ಟ್ಯಾಂಕರು ಬಂದು ನಮ್ಮಿಬ್ಬರ ಮೇಲೂ ಕೆಸರು ಹಾರಿಸಿಕೊಂಡು ಹೋಯಿತು. ಸೀರೆ ನೋಡಿಕೊಳ್ಳಲೂ ಇಲ್ಲ. "ಏನೂ ಅನ್ನಲ್ಲ," ಅಂದಳು. "ಅವನಿಗೆ ಇದು ಹೊಳೆದೇ ಇಲ್ಲ ರೀ."

ಪರೀಕ್ಷೆಯ ಅರ್ಜಿಯಲ್ಲಿ ಮಾಧ್ಯಮ ಅಂತ ಒಂದು ಕಡೆ ಇತ್ತು. ಅದನ್ನು ತುಂಬುವ ದಿನ ಅವಳು ಪೆನ್ನು ಹಿಡಿದುಕೊಂಡು ಮೂರು ಸಲ ಎದ್ದು ಹೋಗಿ ನೀರು ಕುಡಿದು ಬಂದಳು. ಕೊನೆಗೆ ಇಂಗ್ಲಿಷ್ ಅಂತ ಬರೆದು, ನನಗೆ ತೋರಿಸಿ, "ಫೇಲಾದ್ರೆ?" ಅಂದಳು. "ಮತ್ತೆ ನಡೆಯೋಣ," ಅಂದೆ. ಪರೀಕ್ಷೆಗಳು ನಡೆದದ್ದು ಮಳೆಗಾಲದ ಶುರುವಿನಲ್ಲಿ. ಕೊನೆಯ ಪರೀಕ್ಷೆ ಆ ಸೆಮಿನಾರು ಮಾಡಿಸಿದ ಮೇಷ್ಟ್ರ ಪೇಪರು. ಸಂಜೆ ಬಂದಾಗ ಬಲಗೈ ಬೆರಳೆಲ್ಲ ಶಾಯಿ.

"ಇಂಗ್ಲಿಷಲ್ಲೇನಾ?"

"ಮತ್ತೆ? ಮೂರು ಗಂಟೆ ಸಾಲ್ಲಿಲ್ಲ ರೀ," ಅಂದವಳೇ ಮಲಗಿ ನಿದ್ದೆ ಹೋದಳು. ಏನು ಬರೆದೆ ಅಂತ ನಾನು ಕೇಳಲಿಲ್ಲ. ದಿನಾ ನಡೆಯುವ ದಾರಿ ಹೇಗೂ ಇದೆಯಲ್ಲ ಅಂದುಕೊಂಡಿರಬೇಕು.

ಅವಳು ಹೋಗಿ ಐದು ವಾರದ ಮೇಲೆ ಮಹಾದೇವಿ ಮನೆಗೆ ಬಂದಳು. ಫಲಿತಾಂಶವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಸವಿತಾಳ ಅಂಕಗಳನ್ನು ಅವಳು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಎಲ್ಲದರಲ್ಲೂ ಪಾಸು. ಎಲ್ಲಕ್ಕಿಂತ ಹೆಚ್ಚು ಬಂದದ್ದು ಕೊನೆಯ ಪೇಪರಿನಲ್ಲಿ.

ನಾನು ಚೀಟಿ ಹಿಡಿದುಕೊಂಡು ನಿಂತೇ ಇದ್ದೆ. ಮಹಾದೇವಿ ಚಾಪೆಯ ಮೇಲೆ ಕೂತಳು.

"ಅಣ್ಣಾರ, ಒಂದು ಮಾತು ಹೇಳ್ಲಿ? ಪರೀಕ್ಷಾ ಮುಗಿಸಿ ಹೊರಗ ಬಂದಾಗ ಆಕಿ ನಗಾಕತ್ತಿದ್ಲು. ಏನವಾ ಅಂದೆ. ಕೊನೀ ಪ್ರಶ್ನಿಗೆ ಅವರು ಹೇಳಿದ್ದು, ಇವರು ಹೇಳಿದ್ದು ಎಲ್ಲಾ ಬರದು, ಆಮ್ಯಾಲೆ ನಂದ ಒಂದು ಪುಟ ಬರದೀನಿ ಅಂದ್ಲು. ನಮ್ಮನಿಯವರು ಕೇಳಿದ್ ಪ್ರಶ್ನಿ ಹಾಕೀನಿ, ಅವರ ಬಗ್ಗೆನೂ ಬರದೀನಿ ಅಂದ್ಲು."

"ಯಾವ ಪ್ರಶ್ನೆ?"

"ಅದನ್ನ ಹೇಳಲಿಲ್ರೀ. ಬಸ್ಸು ಬಂತು."

ಮಾರನೆಯ ದಿನ ಶೆಡ್ಡಿಗೆ ರಜಾ ಹೇಳಿ ಪರೀಕ್ಷಾ ವಿಭಾಗಕ್ಕೆ ಹೋದೆ. ಕಿಟಕಿಯಲ್ಲಿದ್ದವರು ಒಳ್ಳೆಯವರೇ. ಉತ್ತರ ಪತ್ರಿಕೆಯ ಜೆರಾಕ್ಸ್ ಸಿಗುತ್ತದೆ, ಆದರೆ ಅರ್ಜಿಗೆ ಅಭ್ಯರ್ಥಿಯ ಸಹಿ ಬೇಕು ಅಂದರು. "ಅವರನ್ನೇ ಕಳ್ಸಿ ಸಾರ್, ಐದು ನಿಮಿಷದ ಕೆಲಸ." ನನ್ನ ಹಿಂದೆ ಹುಡುಗ ಹುಡುಗಿಯರ ಸಾಲಿತ್ತು. ನಾನು ಹೇಳಲಾರದೆ ಹೊರಗೆ ಬಂದೆ. ಕ್ಯಾಂಪಸ್ಸಿನಲ್ಲಿ ಕತ್ತಲಾಗುವವರೆಗೂ ಸುಮ್ಮನೆ ಸುತ್ತಿದೆ. ಮರಣ ಪ್ರಮಾಣಪತ್ರ ಮಾಡಿಸಿಕೊಂಡು ಮತ್ತೆ ಹೋಗಲು ನನಗೆ ಮನಸ್ಸು ಗಟ್ಟಿಯಾಗುವಷ್ಟರಲ್ಲಿ ವರ್ಷ ದಾಟಿತ್ತು. ಅವರು ಪಾಪ, ಒಳಗೆ ಹೋಗಿ ವಿಚಾರಿಸಿ ಬಂದರು. ಆ ಸಾಲಿನ ಪತ್ರಿಕೆಗಳನ್ನು ವಿಲೇವಾರಿ ಮಾಡಿ ಆಗಿದೆ ಅಂದರು.

ಮಹಾದೇವಿ ಈಗ ಅವಳ ಊರ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹುಡುಗರಿಗೆ ಅಂಚಿನಲ್ಲಿ 'ತಾ' 'ಬೇ' ಬರೆಸುತ್ತಾಳಂತೆ, ಫೋನಿನಲ್ಲಿ ಹೇಳಿದಳು. ನಾನು ಹೇರೋಹಳ್ಳಿ ಬಿಟ್ಟು ಮಲ್ಲತ್ತಹಳ್ಳಿಗೆ ಬಂದು ಹನ್ನೆರಡು ವರ್ಷವಾಯಿತು. ನಾನು ಕೇಳಿದ ಪ್ರಶ್ನೆಗಳಲ್ಲಿ ಅವಳು ಯಾವುದನ್ನು ಬರೆದಿರಬಹುದು ಅಂತ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತೇನೆ. ರಾಮಣ್ಣನದೇ ಇರಬೇಕು ಅನ್ನಿಸುತ್ತದೆ. ಮರುದಿನ ಅಲ್ಲ ಅನ್ನಿಸುತ್ತದೆ.

ಸವಿತಾ ಓದಿದ ಜೆರಾಕ್ಸುಗಳು ಎರಡು ಚೀಲ ನನ್ನ ಹತ್ತಿರ ಇವೆ. ಅವೆಲ್ಲ ಬೇರೆಯವರು ಬರೆದದ್ದು. ಅವಳು ಬರೆದ ಆ ಒಂದು ಪುಟ ಇಲ್ಲ.